ಹಲ್ಲಿಗೆ ಹಲ್ಲು ತಾಗಬಾರದು

ಕೆಲಸಕ್ಕೆ ಸೇರಿದ ಮೇಲೆ ನಾನು ಅಮ್ಮನಿಗೆ ಕೊಡಿಸಿದ ವಸ್ತುಗಳಲ್ಲಿ ಮಿಕ್ಸಿ ಕೆಟ್ಟಿದೆ, ಸ್ಮಾರ್ಟ್‌ಫೋನು ತಮ್ಮನ ಮಗನ ಪಾಲಾಗಿದೆ. ಒಂದು ಮಾತ್ರ ಹೊಚ್ಚ ಹೊಸದಾಗಿ ಅಟ್ಟದ ಮೇಲಿದೆ. ಅದು ಉಣ್ಣೆ ಬಾಚುವ ಹಣಿಗೆ ಜೋಡಿ.

ಹಣಿಗೆ ಅಂದ್ರೆ ತಲೆ ಬಾಚೋದಲ್ಲ. ಹಿಡಿ ಇರುವ ಎರಡು ಮರದ ಹಲಗೆ, ಹಲಗೆ ಮೇಲೆ ತೊಗಲು, ತೊಗಲ ತುಂಬಾ ಮಂಡಿ ಮಡಚಿ ಕೂತಂತೆ ಬಾಗಿದ ಸಣ್ಣ ತಂತಿ ಹಲ್ಲು. ಒಂದರ ಮೇಲೆ ಉಣ್ಣೆ ಹರಡಿ ಇನ್ನೊಂದರಿಂದ ಎಳೀತಾ ಹೋದರೆ ಗಂಟು ಬಿಡಿಸಿಕೊಂಡು ಎಳೆಗಳು ಸಾಲಾಗುತ್ತವೆ. ಅದನ್ನ ಸುರುಳಿ ಮಾಡಿ ತೆಗೆದರೆ ಹಂಜಿ. ಹಂಜಿಯಿಂದ ನೂಲು, ನೂಲಿನಿಂದ ಕಂಬಳಿ. ನಮ್ಮದು ಚಳ್ಳಕೆರೆ ಕಡೆ ಕುರಿ ಸಾಕುವ ಮನೆ. ನನ್ನ ಬಿಇ ಫೀಸು ಕುರಿ ಮಾರಿ ಕಟ್ಟಿದ್ದು, ಹಾಸ್ಟೆಲ್ ಖರ್ಚು ಕಂಬಳಿ ಮಾರಿ.

ಎರಡು ವರ್ಷದ ಹಿಂದೆ ಅಮ್ಮ ಫೋನಲ್ಲಿ, "ಹಣಿಗೆ ಹಲ್ಲು ಉದುರ್ತಾ ಅವೆ ಕಣೋ" ಅಂದಳು. ಅಷ್ಟೇ ಅಂದದ್ದು. ನಾನು ಆ ರಾತ್ರಿಯೇ ಆನ್‌ಲೈನಲ್ಲಿ ಹುಡುಕಿದೆ. ಚದರ ಇಂಚಿಗೆ 72 ಹಲ್ಲಿನದು, 112 ಹಲ್ಲಿನದು, ಹತ್ತಿಗೆ ಅಂತ 200ರ ಹತ್ತಿರದ್ದು, ಎಲ್ಲಾ ಇದ್ದವು. ಹಲ್ಲು ಹೆಚ್ಚಾದಷ್ಟೂ ಒಳ್ಳೇದು ಅಂದುಕೊಂಡು 112ರದ್ದನ್ನ ಆರಿಸಿದೆ. ಫೋನು, ಲ್ಯಾಪ್‌ಟಾಪು ಆರಿಸೋದೂ ಹೀಗೇ ಅಲ್ವಾ? ದೊಡ್ಡ ನಂಬರ್ ನೋಡಿ ದುಡ್ಡು ಕಟ್ಟೋದು. ಪಾರ್ಸೆಲ್ ತಲುಪಿದ ದಿನ ಅಮ್ಮ, "ಬಾಳ ಚೆನ್ನಾಗೈತೆ" ಅಂದಳು. ನಾನೂ ಆಫೀಸಿನಲ್ಲಿ ಇಬ್ಬರಿಗೆ ಹೇಳಿಕೊಂಡೆ.

ದಸರಾಕ್ಕೆ ಊರಿಗೆ ಹೋದರೆ ಅಮ್ಮ ಪಡಸಾಲೆಯಲ್ಲಿ ಕೂತು ಅದೇ ಹಳೇ ಹಣಿಗೆಯಲ್ಲಿ ಬಾಚುತ್ತಾ ಇದ್ದಳು. ನನಗೆ ಸಿಟ್ಟೇ ಬಂತು. "ಹೊಸದು ಯಾಕೆ ಮುಟ್ಟಿಲ್ಲ?" ಅಂದೆ. ಅವಳು ಮಾತಾಡಲಿಲ್ಲ. ಹೊಸದನ್ನ ತರಿಸಿ, ಒಂದು ಹಿಡಿ ಉಣ್ಣೆ ಇಟ್ಟು ಎಳೆದು ತೋರಿಸಿದಳು. ಉಣ್ಣೆ ಹಲ್ಲಿನ ಒಳಗೆ ಇಳೀಲೇ ಇಲ್ಲ, ಮೇಲೇ ನಿಂತಿತು. ಜೋರಾಗಿ ಎಳೆದರೆ ಕರ್ ಕರ್ ಸದ್ದು, ಎಳೆ ತುಂಡು ತುಂಡು. ಮೂರು ಸಲ ಎಳೆದು ಭುಜ ಹಿಡಿದುಕೊಂಡಳು. ಆಮೇಲೆ ಹಳೇದರಲ್ಲಿ ಎಳೆದಳು. ಸರ್ ಸರ್ ಅಂತ ಹೋಯಿತು.

ರಾತ್ರಿ ಹಳೇ ಹಣಿಗೆಯ ಫೋಟೊ ತೆಗೆದು ಜೂಮ್ ಮಾಡಿ ಎಣಿಸಿದೆ. ಅಡ್ಡ ಎಂಟು, ಉದ್ದ ಆರು, ಚದರ ಇಂಚಿಗೆ 48. ನಮ್ಮದು ದಖನಿ ಕುರಿಯ ಕರೀ ಉಣ್ಣೆ, ಒರಟು. ಮೆರಿನೊ ಕುರಿಯ ಎಳೆ ಸುಮಾರು 20 ಮೈಕ್ರಾನ್ ಇದ್ದರೆ ಇದು ಅದರ ಎರಡರಷ್ಟಕ್ಕಿಂತ ದಪ್ಪ. ದಪ್ಪ ಎಳೆಗೆ ಹಲ್ಲು ವಿರಳವಾಗಿರಬೇಕು, ನವಿರು ಎಳೆಗೆ ಒತ್ತಾಗಿರಬೇಕು. ಹಣಿಗೆ ಆರಿಸುವ ಮೊದಲು ಉಣ್ಣೆ ಯಾವುದು ಅಂತ ಕೇಳಬೇಕಿತ್ತು. ಬಳಸುವವರು ಯಾರು, ಅವರ ತೋಳಿನಲ್ಲಿ ಎಷ್ಟು ಕಸುವಿದೆ ಅಂತಲೂ ಕೇಳಬೇಕಿತ್ತು. ಇದನ್ನೇ ರಿಕ್ವೈರ್‌ಮೆಂಟ್ ಅಂತ ನಾವು ದಿನಾ ಮೀಟಿಂಗ್ ಮಾಡ್ತೀವಿ. ಅಮ್ಮನ ವಿಷಯಕ್ಕೆ ಬಂದಾಗ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆ ಸಲ ನಾಲ್ಕು ದಿನ ಅವಳ ಪಕ್ಕ ಕೂತೆ. ಅವಳು ಪಾಠ ಅಂತ ಏನೂ ಮಾಡಲಿಲ್ಲ, ನಾನು ತಪ್ಪು ಮಾಡಿದಾಗಲೆಲ್ಲ ಬೈದಳು. ಬೈಗುಳ ಬಿಟ್ಟು ಉಳಿದದ್ದು ಇಷ್ಟು.

ಮೊದಲು ಕೈಯಲ್ಲೇ ಉಣ್ಣೆ ಹಿಂಜಿ ಮುಳ್ಳು, ಕಸ ತೆಗೀಬೇಕು. ಕುರಿ ಮೈ ತೊಳೆಯದೆ ಕತ್ತರಿಸಿದ ಉಣ್ಣೆಯಲ್ಲಿ ಮರಳಿರುತ್ತೆ, ಅದು ಹಲ್ಲು ಸವೆಸುತ್ತೆ. ಒದ್ದೆ ಉಣ್ಣೆ ಇಡಬಾರದು, ತಂತಿ ತುಕ್ಕು ಹಿಡಿಯುತ್ತೆ. ಕಮ್ಮಿ ಕಮ್ಮಿ ಇಡಬೇಕು, ಆಸೆಬಿದ್ದು ತುಂಬಿದರೆ ಗಂಟು ಬಿಡೋದೇ ಇಲ್ಲ. ಎಡಗೈ ಹಣಿಗೆ ಎಡಗೈಗೇ, ಬಲಗೈದು ಬಲಗೈಗೇ. ಹಲ್ಲು ಆಯಾ ಕೈಗೆ ಪಳಗಿರುತ್ತವೆ, ಅದಲು ಬದಲು ಮಾಡಬಾರದು. ಗುರುತಿಗೆ ಬಲದ ಹಿಡಿಗೆ ಕೆಂಪು ದಾರ ಕಟ್ಟಿದ್ದಾಳೆ. ಎಲ್ಲಕ್ಕಿಂತ ಮುಖ್ಯ, ಹಲ್ಲಿಗೆ ಹಲ್ಲು ತಾಗಬಾರದು. ಉಣ್ಣೆಗೆ ಉಣ್ಣೆ ತಾಗಬೇಕು ಅಷ್ಟೇ. ಕರ್ ಅಂದರೆ ಒತ್ತಿದ್ದು ಜಾಸ್ತಿ ಆಯಿತು ಅಂತ ಲೆಕ್ಕ.

ಕೆಲಸ ಮುಗಿದ ಮೇಲೆ ಹಲ್ಲಿನ ಬುಡದಲ್ಲಿ ಸಿಕ್ಕ ಚೂರುಗಳನ್ನ ದಬ್ಬಳದಿಂದ ಎಬ್ಬಿಸುತ್ತಾಳೆ. ಉಣ್ಣೆ ಉಳಿದರೆ ಹುಳ ಬರುತ್ತೆ. ತೊಗಲು ಬಿರಿಯದಂತೆ ಅದರ ಅಂಚಿಗೆ ಆಗಾಗ ಒಂದು ಬೆರಳು ಹರಳೆಣ್ಣೆ. ಎರಡನ್ನೂ ಮುಖಾಮುಖಿ ಇಟ್ಟು, ನಡುವೆ ತೊಳೆಯದ ಜಿಡ್ಡಿನ ಉಣ್ಣೆ ಒಂದು ಪದರ ಹಾಕಿ ಬಟ್ಟೆಯಲ್ಲಿ ಸುತ್ತುತ್ತಾಳೆ, ಜೊತೆಗೆ ಒಣಗಿದ ಬೇವಿನ ಸೊಪ್ಪು. ಬಾಗಿದ ಹಲ್ಲು ಎತ್ತೋಕೆ ಕುರಿಗೆ ಲಸಿಕೆ ಹಾಕೋ ಸೂಜಿ! ತುದಿ ಉಜ್ಜಿ ಮೊಂಡು ಮಾಡಿದ ಹಳೇ ಸೂಜಿಯನ್ನ ಹಲ್ಲಿಗೆ ತೊಡಿಸಿ ಮೆಲ್ಲಗೆ ಎತ್ತಿದರೆ ನೆಟ್ಟಗಾಗುತ್ತೆ. ಪೂರ್ತಿ ನೆಟ್ಟಗೆ ಮಾಡಬಾರದು, ಮಂಡಿ ಮಡಚಿದ ಹಂಗೇ ಇರಬೇಕು. ಎರಡು ಮೂರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತೆ.

ಅಮ್ಮನಿಗೆ ಬೇಕಾಗಿದ್ದು ಹೊಸ ಹಣಿಗೆ ಅಲ್ಲ, ಹಳೇ ಹಿಡಿಗೆ ಹೊಸ ಹಲ್ಲು. ಆ ಹಿಡಿ ಅಜ್ಜಿಯದು, ಹೆಬ್ಬೆರಳು ಕೂರುವಲ್ಲಿ ಕುಳಿ ಬಿದ್ದಿದೆ. ವಿರಳ ಹಲ್ಲಿನ ಹಾಸು ಬಿಡಿಯಾಗಿಯೂ ಸಿಗುತ್ತೆ ಅಂತ ಗೊತ್ತಾಗಿ ತರಿಸಿದೆ. ಸಂಕ್ರಾಂತಿಗೆ ಹೋದಾಗ ನಾನೇ ಕೂತು ಸಣ್ಣ ಮೊಳೆ ಹೊಡೆದೆ. ಹಲ್ಲಿನ ಕೊಕ್ಕೆ ಹಿಡಿಯ ಕಡೆಗೆ ಇರಬೇಕು. ನಾನು ಒಂದನ್ನ ಉಲ್ಟಾ ಹೊಡೆದಿದ್ದೆ. "ಇದಕ್ಕಾ ಕುರಿ ಮಾರಿ ಓದ್ಸಿದ್ದು?" ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು. ಮೊಳೆ ಎಲ್ಲಾ ಕಿತ್ತು ಮತ್ತೆ ಹೊಡೆದೆ.

ಹಣಿಗೆ ಏನೋ ಸರಿಹೋಯಿತು. ಕರೀ ಕುರಿ ಕಮ್ಮಿ ಆಗ್ತಾ ಇವೆ. ಮಾಂಸಕ್ಕೆ ಬೇಗ ಬೆಳೆಯೋ, ಉಣ್ಣೆ ಇಲ್ಲದ ತಳಿಗಳನ್ನ ಎಲ್ಲರೂ ಕಟ್ಟುತ್ತಿದ್ದಾರೆ. ಉಣ್ಣೆ ಕತ್ತರಿಸೋಕೆ ಕೊಡುವ ಕೂಲಿ ಉಣ್ಣೆ ಮಾರಿದರೆ ಹುಟ್ಟೋದಿಲ್ಲ. ನಮ್ಮ ಹಟ್ಟಿಯಲ್ಲಿ ನೂಲುವವರು ಈಗ ಮೂರೇ ಜನ. "ಸಾಕು ಬಿಡಮ್ಮ" ಅಂತ ನಾನೂ ಎಷ್ಟೋ ಸಲ ಅಂದಿದ್ದೀನಿ. ಈಗ ಅನ್ನೋದಿಲ್ಲ. ಅಪ್ಪ ಹೋದ ಮೇಲೆ ಮಧ್ಯಾಹ್ನಗಳನ್ನ ಅವಳು ಕಳೆದದ್ದೇ ಆ ಹಣಿಗೆ ಹಿಡಿದು.

ಭಾನುವಾರ ಫೋನ್ ಮಾಡಿದಾಗ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಂಡು ಬಾಚುತ್ತಲೇ ಮಾತಾಡ್ತಾಳೆ. "ಹೆಂಗಿದ್ದೀಯಮ್ಮ?" ಅಂದರೆ ಯಾವಾಗಲೂ ಒಂದೇ ಉತ್ತರ, "ಚೆನ್ನಾಗಿದೀನಿ". ನಾನು ಹಿಂದಿನ ಸದ್ದು ಕೇಳ್ತೀನಿ. ಸರ್ ಸರ್ ಅಂದರೆ ಸರಿ. ಮೊನ್ನೆ ಕರ್ ಅಂತು. "ಭುಜ ನೋಯ್ತಾ ಇದೆಯಾ?" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. "ನಿಂಗ್ಯಾರ್ ಹೇಳಿದ್ರು?" ಅಂದಳು.