ಪೇಶ್ವೆಯರ ರಾಜಧಾನಿಯಲ್ಲಿ ಒಂದು ಹಾಸಿಗೆ

ಪ್ರವಾಸವೆಂದರೆ ನಮ್ಮ ಜನಕ್ಕೆ ಬಂಧುಗಳ ಮನೆಗೆ ಹೋಗಿಬರುವುದೇ ಸರಿ. ಊರಿನ ಹೆಸರು ಹೇಳಿದೊಡನೆ 'ಅಲ್ಲಿ ನಿಮ್ಮವರು ಯಾರಿದ್ದಾರೆ?' ಎಂದು ಕೇಳುವುದು ವಾಡಿಕೆ. ಹೊರಟವಳು ಹೆಂಗಸಾದರಂತೂ ಆ ಪ್ರಶ್ನೆಗೆ ಉತ್ತರ ಕೊಡದೆ ಹೊಸಿಲು ದಾಟುವಂತಿಲ್ಲ. ಕಳೆದ ಚಳಿಗಾಲದಲ್ಲಿ ನಾವು ಶಿವಮೊಗ್ಗೆಯಿಂದ ಪುಣೆಗೆ ಹೊರಟಾಗ ಅಲ್ಲಿ ನಮ್ಮವರು ಯಾರೂ ಇರಲಿಲ್ಲ. 'ನಾವು' ಎಂದ ಮಾತ್ರಕ್ಕೆ ದೊಡ್ಡ ತಂಡವೆಂದು ವಾಚಕರು ಭಾವಿಸಬಾರದು. ಅರವತ್ತು ದಾಟಿದ ನಾವು, ಒಂದು ಚೀಲ, ಒಂದು ಶಾಲು—ಇಷ್ಟೇ ನಮ್ಮ ತಂಡ.

ಪುಣೆ ಒಂದು ಕಾಲದ ರಾಜಧಾನಿ. ಛತ್ರಪತಿಗಳ ಗದ್ದುಗೆ ಸಾತಾರೆಯಲ್ಲಿದ್ದರೂ ರಾಜ್ಯಭಾರ ನಡೆದದ್ದು ಪೇಶ್ವೆಯರ ಪುಣೆಯಿಂದ. ಒಂದನೆಯ ಬಾಜೀರಾಯರು 1730ರಲ್ಲಿ ಅಡಿಗಲ್ಲಿಟ್ಟ ಶನಿವಾರವಾಡೆ 1828ರ ಬೆಂಕಿಗೆ ಆಹುತಿಯಾಯಿತು. ಈಗ ಉಳಿದಿರುವುದು ಕೋಟೆಗೋಡೆ, ಬಾಗಿಲುಗಳು, ಅರಮನೆಯ ಅಡಿಪಾಯ ಮಾತ್ರ. ಉತ್ತರಕ್ಕಿರುವ ದಿಲ್ಲಿ ದರವಾಜೆಯ ಕದಗಳಿಗೆ, ಆನೆಗಳು ಹಣೆಯೊಡ್ಡಿ ನೂಕದಂತೆ, ಚೂಪಾದ ಕಬ್ಬಿಣದ ಮುಳ್ಳುಗಳನ್ನು ಬಡಿದಿದ್ದಾರೆ. ಬಾಗಿಲು ಇರುವುದೇ ಪರರನ್ನು ತಡೆಯುವುದಕ್ಕೆ ಎಂಬುದು ರಾಜರ ನೀತಿ. ನಮಗೋ ಅಂದು ಬೇಕಾಗಿದ್ದುದು ಪರರಿಗೆ ತೆರೆಯುವ ಬಾಗಿಲು.

ಅದು ಸಿಕ್ಕಿತು. ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಹಾಸ್ಟೆಲಿನಲ್ಲಿ ಹೆಂಗಸರಿಗೆಂದೇ ಬೇರೆ ಕೋಣೆ. ಒಂದರ ಮೇಲೊಂದು ಅಟ್ಟದಂತೆ ಆರು ಮಂಚ. ಮಂಚಕ್ಕೊಂದು ದೀಪ, ಬೀಗ ಹಾಕುವ ಕಪಾಟು. ರಾತ್ರಿಯೊಂದಕ್ಕೆ ಆರುನೂರು ರೂಪಾಯಿ. ನಮ್ಮ ವಯಸ್ಸು ಕಂಡು ಅಲ್ಲಿಯ ಹುಡುಗಿ ಕೆಳಗಿನ ಮಂಚ ಕೊಟ್ಟಳು. 'ಜೊತೆಯಲ್ಲಿ ಯಾರು?' ಎಂದು ಕೇಳಲಿಲ್ಲ. ಈ ಕೇಳದಿರುವಿಕೆಯ ಬೆಲೆ ನಮಗೆ ಗೊತ್ತು. ನಲವತ್ತು ವರ್ಷಗಳ ಹಿಂದೆ, ಕೆಲಸದ ಸಂದರ್ಶನಕ್ಕೆಂದು ಹೋದ ಊರೊಂದರಲ್ಲಿ, ಒಂಟಿ ಹೆಂಗಸಿಗೆ ಕೋಣೆ ಕೊಡುವುದಿಲ್ಲವೆಂದು ಲಾಡ್ಜಿನವರು ಹೇಳಿದಾಗ ನಾವು ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡಿದ್ದುಂಟು.

ಅದಕ್ಕೂ ಹಿಂದಿನದು ನಮ್ಮ ತಂದೆಯ ಸೋದರತ್ತೆಯ ಕಥೆ. ಹನ್ನೊಂದನೆಯ ವರ್ಷಕ್ಕೆ ವಿಧವೆಯಾದ ಆಕೆ ಕೆಂಪು ಸೀರೆ ಉಟ್ಟು, ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ಅರುವತ್ತು ವರ್ಷ ಕಳೆದರು. ಅಣ್ಣನ ಮನೆ, ಆಮೇಲೆ ಅಣ್ಣನ ಮಗನ ಮನೆ—ಇವಲ್ಲದೆ ಇನ್ನೊಂದು ಸೂರಿನ ಕೆಳಗೆ ಮಲಗಿದವರಲ್ಲ. ಹಾಡು-ಹಸೆ ನೂರಾರು ಬರುತ್ತಿದ್ದವು. ಅಕ್ಷರ ಒಂದೂ ಬರುತ್ತಿರಲಿಲ್ಲ. ನಾವು ಪುಣೆಯನ್ನು ಆರಿಸಿಕೊಂಡದ್ದು ಅವರ ನೆನಪಿನಿಂದ.

ಏಕೆಂದರೆ, ಅವರಂಥವರಿಗೆ ಒಂದು ಹಾಸಿಗೆ, ಒಂದು ಪುಸ್ತಕ ಸಿಗಬೇಕೆಂದು ಹೋರಾಡಿದ ಊರು ಇದು. ಅದನ್ನು ಮೊದಲು ಮಾಡಿದವರಲ್ಲಿ ಒಬ್ಬಾಕೆ ನಮ್ಮ ತುಂಗೆಯ ಉಗಮವಾದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ತಂದೆತಾಯಿಯರೊಡನೆ ದೇಶವನ್ನೆಲ್ಲ ಕಾಲುನಡಿಗೆಯಲ್ಲಿ ಸುತ್ತಿ, ಸಂಸ್ಕೃತ ಕಲಿತು, ತಾವೂ ವಿಧವೆಯಾಗಿ, ಎಳೆಮಗುವಿನೊಡನೆ 1882ರಲ್ಲಿ ಪುಣೆಗೆ ಬಂದರು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಅವರ ಶಾರದಾ ಸದನ ಮರುವರ್ಷ ಪುಣೆಗೆ ಬಂತು. 1893ರಲ್ಲಿ ಮತಾಂತರದ ವಿವಾದವೆದ್ದು ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆದರೆ ಬೀಜ ಬಿದ್ದಿತ್ತು. ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯನ್ನು ಅದೇ ವರ್ಷ ಧೊಂಡೋ ಕೇಶವ ಕರ್ವೆಯವರು ಮದುವೆಯಾದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ತೆರೆದರು. 1900ರಲ್ಲಿ ಅದು ಊರ ಹೊರಗಿನ ಹಿಂಗಣೆಗೆ ಹೋಯಿತು. ಹಗಲು ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿ, ಸಂಜೆ ಹಿಂಗಣೆಗೆ ನಡೆದುಹೋಗುತ್ತಿದ್ದರಂತೆ. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿದ್ದೂ ಅಲ್ಲಿಯೇ. 1958ರಲ್ಲಿ ಭಾರತರತ್ನ ಪಡೆದ ಆ ಹಿರಿಯರು ನೂರನ್ನು ದಾಟಿ ಬಾಳಿ 1962ರಲ್ಲಿ ತೀರಿಕೊಂಡರು.

ಎರಡನೆಯ ದಿನ ಮೆಟ್ರೋ ಹತ್ತಿ ನಳ್ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ರಿಕ್ಷಾದಲ್ಲಿ ಹಿಂಗಣೆಗೆ ಹೋದೆವು. ಈಗ ಅದಕ್ಕೆ ಕರ್ವೆನಗರವೆಂದು ಹೆಸರು. ಊರು ಅದನ್ನು ಎಂದೋ ನುಂಗಿದೆ. ಸಂಸ್ಥೆಯ ಗೇಟಿನಿಂದ ಹುಡುಗಿಯರು ಹಿಂಡುಹಿಂಡಾಗಿ ಹೊರಬರುತ್ತಿದ್ದರು. ಯಾರ ಮುಖದಲ್ಲಿಯೂ ತಾವೊಂದು ದೊಡ್ಡ ಕಾರ್ಯ ಮಾಡುತ್ತಿದ್ದೇವೆಂಬ ಭಾವವಿಲ್ಲ. ಒಬ್ಬಳು ಕಡಲೆಕಾಯಿ ತಿನ್ನುತ್ತಿದ್ದಳು. ಇಬ್ಬರು ಪರೀಕ್ಷೆಯ ವಿಷಯಕ್ಕೆ ಜಗಳವಾಡುತ್ತಿದ್ದರು. ಅಷ್ಟು ಸಹಜವಾಗಿ ಹೋಗಿದೆ! ನಮ್ಮ ಅತ್ತೆಯ ಅರುವತ್ತು ವರ್ಷಗಳನ್ನು ನೆನೆದು, ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆವು.

ಮೂರನೆಯ ರಾತ್ರಿ ಕರ್ವೆ ರಸ್ತೆಯ ಬಳಿಯ ಇನ್ನೊಂದು ಹಾಸ್ಟೆಲಿನಲ್ಲಿ ತಂಗಿದೆವು. ಮೇಲಿನ ಮಂಚದಲ್ಲಿ ಕಲಬುರಗಿಯ ಹುಡುಗಿ. ಮರುದಿನ ಅವಳಿಗೆ ಸಂದರ್ಶನ. ಕನ್ನಡ ಕೇಳಿ ಕೆಳಗಿಳಿದು ಬಂದಳು. ನಮ್ಮ ಚೀಲದಲ್ಲಿದ್ದ ಕೋಡುಬಳೆ ಇಬ್ಬರೂ ತಿಂದೆವು. ಬೆಳಗ್ಗೆ ಐದಕ್ಕೆ ಎಬ್ಬಿಸಿರೆಂದಳು, ಎಬ್ಬಿಸಿದೆವು.

ಈ ಪತ್ರಿಕೆ ಓದುವ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದಾರೆ. ಪರೀಕ್ಷೆಗೋ, ಕೆಲಸಕ್ಕೋ, ಬರಿಯ ಊರು ನೋಡುವುದಕ್ಕೋ ಅವರು ಹೊರಟು ನಿಂತಾಗ, ನಿಲ್ದಾಣಕ್ಕೆ ಹತ್ತಿರವೇ, ಹೆಂಗಸರ ಕೋಣೆ ಬೇರೆಯಿದೆಯೇ, ಕಪಾಟಿಗೆ ಬೀಗವಿದೆಯೇ, ರಾತ್ರಿ ಕಾವಲಿಗೆ ಜನರಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಇವು ಕೇಳತಕ್ಕ ಪ್ರಶ್ನೆಗಳು. ಉತ್ತರ ಸರಿಯಿದ್ದರೆ ಬುತ್ತಿ ಕಟ್ಟಿಕೊಟ್ಟು ಕಳುಹಿಸಿಕೊಡಿ.