ಕಡಾಯಿಯ ಭಜಿ, ಗಾಳಿಯ ಭಜಿ

ಮಠದ ಪತ್ರಿಕೆಯಲ್ಲಿ ಭಜಿಯ ವಿಚಾರವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಆದರೆ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಹೋದ ಹಳೆಯ ವಿದ್ಯಾರ್ಥಿಗಳು ಹಾಗೆ ಮಾಡಲಿಕ್ಕಿಲ್ಲವೆಂಬ ಭರವಸೆ ನಮಗುಂಟು. ಅವರು ಎಲ್ಲಿಯೇ ಭೆಟ್ಟಿಯಾಗಲಿ, ಕ್ಷೇಮಸಮಾಚಾರ ಮುಗಿದ ಮರುಕ್ಷಣವೇ ಕೇಳುವ ಪ್ರಶ್ನೆ ಒಂದೇ: “ಶ್ರಾವಣದ ಮಳಿಯಾಗ ಕಾಕಾ ಭಜಿ ಮಾಡತಿದ್ರು, ಈಗೂ ಮಾಡತಾರೇನ್ರೀ?” ಪಾಠ ಮರೆತಿರಬಹುದು, ಪಾಠ ಹೇಳಿದವರ ಹೆಸರೂ ಮರೆತಿರಬಹುದು, ಮೋಡ ಕವಿದ ಸಾಯಂಕಾಲ ಅಡುಗೆಮನೆಯಿಂದ ಹಾಯ್ದು ಬರುತ್ತಿದ್ದ ಓಮದ ವಾಸನೆ ಮಾತ್ರ ಮರೆತಿರುವುದಿಲ್ಲ.

ಈ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಿಂದ ಸರಳವಾಗಿ ಉತ್ತರ ಹೇಳುವುದು ನಮಗೆ ಸಾಧ್ಯವಾಗಿಲ್ಲ. ಕಾಕಾ ಈಗ ಎಪ್ಪತ್ತನ್ನು ದಾಟಿದವರು. ಅವರ ಹೃದಯದ ರಕ್ತನಾಳಗಳಲ್ಲಿ ಎರಡು ಕಡೆ ಸ್ಟೆಂಟುಗಳನ್ನು ಕೂಡಿಸಿದ್ದಾರೆ. ಕರಿದ ಪದಾರ್ಥವನ್ನು ಮುಟ್ಟಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಸಾವಿರಾರು ಮಕ್ಕಳಿಗೆ ಭಜಿ ಕರಿದು ಬಡಿಸಿದ ಆ ಹಿರಿಯರು ಅಂದಿನಿಂದ ಮಾಡಿದ್ದೇನೆಂದರೆ, ಕಡಾಯಿ ಒಲೆಯನ್ನೇರಿದ ದಿನ ಅಡುಗೆಮನೆಯಿಂದ ಎದ್ದುಹೋಗಿ ಗೋಶಾಲೆಯ ಕಟ್ಟೆಯ ಮೇಲೆ ಕೂಡುವುದು. ಅವರಿಗೆ ಆಸೆಯನ್ನು ಅಡಗಿಸುವುದು ಕಷ್ಟವಾಗಿತ್ತೆಂದು ನಾವು ತಿಳಿಯಲಿಲ್ಲ. ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದವರು ಪಂಕ್ತಿಯಿಂದ ಹೊರಗಾದರಲ್ಲ, ಆ ನೋವು ಅವರದಾಗಿತ್ತು. ಇಂಥ ಕಾಕಾ, ಇಂಥ ಅಜ್ಜಿ ನಿಮ್ಮ ನಿಮ್ಮ ಮನೆಗಳಲ್ಲಿಯೂ ಇರುವರಲ್ಲವೇ? ಸೊಸೆ ತಾಟಿನಲ್ಲಿ ಭಜಿಯನ್ನು ತಂದಿರಿಸಿದಾಗ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ನಮಗೇನೂ ಬೇಡವೆಂದು ಹೇಳುವ ಹಿರಿಯರು? ಅವರ ಸಲುವಾಗಿಯೇ ಈ ಬರೆಹ.

ಹೊರನಾಡಿನಲ್ಲಿರುವ ಭಕ್ತರೊಬ್ಬರು ಮಠಕ್ಕೆ ಏರ್ ಫ್ರೈಯರ್ ಎಂಬ ಯಂತ್ರವನ್ನು ಕಳುಹಿಸಿಕೊಟ್ಟರು. 2010ರಲ್ಲಿ ಫಿಲಿಪ್ಸ್ ಕಂಪನಿಯು ಮಾರುಕಟ್ಟೆಗೆ ತಂದ ಬಳಿಕ ಈ ಬಗೆಯ ಯಂತ್ರವು ಲೋಕದಲ್ಲೆಲ್ಲ ಹಬ್ಬಿ, ಇಂದು ಹತ್ತಾರು ಕಂಪನಿಗಳು ಇದನ್ನು ತಯಾರಿಸುತ್ತಿವೆ. ನಮ್ಮ ಹುಬ್ಬಳ್ಳಿ ಧಾರವಾಡಗಳ ಮನೆಗಳಲ್ಲಿಯೂ ಇದು ಕಾಣಸಿಗುತ್ತದೆ; ಅಟ್ಟದ ಮೇಲೆ ತನ್ನ ರಟ್ಟಿನ ಪೆಟ್ಟಿಗೆಯಲ್ಲಿಯೇ ವಿಶ್ರಮಿಸಿಕೊಂಡಿರುವುದೂ ಉಂಟು. ಹಾಗೇಕೆಂದು ಭಕ್ತೆಯೊಬ್ಬರನ್ನು ಕೇಳಿದೆವು. “ಬದನೀಕಾಯಿ ಭಜಿ ಹಾಕಿದ್ದೆ ರೀ ಅಪ್ಪಾರ, ಹಿಟ್ಟೆಲ್ಲಾ ತೂತಿನಾಗಿಂದ ಸೋರಿ ತಳಕ್ಕ ಹತ್ತಿತು, ಮ್ಯಾಲೆ ಬರೇ ಬದನೀಕಾಯಿ ಉಳೀತು” ಎಂದರು ಆ ತಾಯಿ. ಇದೇ ಕಥೆಯನ್ನು ಇನ್ನೂ ಮೂರು ನಾಲ್ಕು ಮನೆಗಳಲ್ಲಿ ಕೇಳಿದ್ದೇವೆ.

ಯಂತ್ರವನ್ನು ಕಾಕಾ ಅವರ ಮುಂದಿರಿಸಿದಾಗ ಅವರು ಅದರ ಬುಟ್ಟಿಯನ್ನು ಹೊರಕ್ಕೆಳೆದು, ತಳದ ರಂಧ್ರಗಳನ್ನು ನೋಡಿ, ಮೇಲ್ಭಾಗದಲ್ಲಿದ್ದ ಸುರುಳಿಯನ್ನೂ ಪಂಖವನ್ನೂ ಬಗ್ಗಿ ನೋಡಿ, ನಿಧಾನವಾಗಿ ಹೇಳಿದರು: “ಅಪ್ಪಾರ, ಭಜಿ ಹಿಟ್ಟನ್ನ ಹಿಡಿದು ನಿಲ್ಲಸೋದು ಕಾದ ಎಣ್ಣಿ ರೀ. ಗಾಳಿಗೆ ಆ ಕಸುವು ಎಲ್ಲೈತಿ?”

ಭೌತಶಾಸ್ತ್ರದ ಪುಸ್ತಕವು ಪುಟಗಟ್ಟಲೆ ವಿವರಿಸುವ ಸಂಗತಿಯನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ವಾಚಕರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇದು ತಿಳಿದರೆ ಉಳಿದುದೆಲ್ಲ ತಾನಾಗಿಯೇ ತಿಳಿಯುತ್ತದೆ. 170ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಎಣ್ಣೆಯಲ್ಲಿ ಹಿಟ್ಟು ಬಿದ್ದೊಡನೆ ಎಣ್ಣೆಯು ಅದನ್ನು ಎಲ್ಲ ಕಡೆಯಿಂದಲೂ ಆವರಿಸುತ್ತದೆ. ಮೇಲ್ಮೈಯ ನೀರು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ; ಹಿಟ್ಟಿನ ಪಿಷ್ಟ ಮತ್ತು ಪ್ರೋಟೀನುಗಳು ಗಟ್ಟಿಗೊಂಡು ಚಿಪ್ಪಿನಂತಾಗುತ್ತವೆ. ಕಡಾಯಿಯಲ್ಲಿ ನಾವು ಕಾಣುವ ಗುಳ್ಳೆಗಳು ಹೊರಬರುತ್ತಿರುವ ಆ ಆವಿಯೇ. ಆವಿಯು ಹೊರಕ್ಕೆ ನುಗ್ಗುತ್ತಿರುವವರೆಗೆ ಎಣ್ಣೆಗೆ ಒಳಪ್ರವೇಶ ಕಡಿಮೆ. ಭಜಿಯನ್ನು ಹೊರತೆಗೆದು, ಅದು ಆರತೊಡಗಿದಾಗ, ಒಳಗಿನ ಆವಿ ಕುಗ್ಗಿ ಮೇಲಂಟಿದ ಎಣ್ಣೆಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕಾಕಾ ಅವರು ಭಜಿಯನ್ನು ಜಾಲರಿ ಸೌಟಿನಲ್ಲಿ ಕಡಾಯಿಯ ಮೇಲೆಯೇ ಎರಡು ಬಾರಿ ಝಾಡಿಸಿ ತೆಗೆಯುತ್ತಿದ್ದುದು ಸುಮ್ಮನೆ ಅಲ್ಲ.

ಗಾಳಿಯ ಸ್ವಭಾವ ಬೇರೆ. ಅದನ್ನು 180 ಡಿಗ್ರಿಗೆ ಕಾಯಿಸಿ ಪಂಖದಿಂದ ವೇಗವಾಗಿ ತಿರುಗಿಸಿದರೂ, ಅದೇ ಉಷ್ಣತೆಯ ಎಣ್ಣೆಯಷ್ಟು ಶೀಘ್ರವಾಗಿ ಅದು ಶಾಖವನ್ನು ಪದಾರ್ಥಕ್ಕೆ ದಾಟಿಸಲಾರದು. ಮೇಲ್ಮೈ ಒದ್ದೆಯಾಗಿರುವವರೆಗೆ ಅದರ ಉಷ್ಣತೆ 100 ಡಿಗ್ರಿಯನ್ನು ಮೀರುವುದಿಲ್ಲ. ಒಣಗಿದ ಮೇಲೆ ತಾನೇ ಅದು ಏರಿ, ಸುಮಾರು 140 ಡಿಗ್ರಿ ದಾಟಿದಾಗ ಕೆಂಪು ಬಣ್ಣವೂ ಹುರಿದ ಪರಿಮಳವೂ ಹುಟ್ಟುತ್ತವೆ. ಈ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯ್ಯಾರ್ ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ತೆಳುವಾದ ಭಜಿಯ ಹಿಟ್ಟು ಒಣಗಿ ಗಟ್ಟಿಯಾಗುವುದಕ್ಕೆ ಮುಂಚೆಯೇ ಜಾರಿಹೋಗುವುದು ಈ ಕಾರಣದಿಂದ. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಇದು ಕರಿಯುವ ಯಂತ್ರವಲ್ಲ. ಬಿಸಿಗಾಳಿಯ ಪುಟ್ಟ ಒಲೆ. ಅದಕ್ಕೆ ಒಗ್ಗುವ ಕೆಲಸವನ್ನು ಅದಕ್ಕೆ ಕೊಡಬೇಕು.

ಹಾಗಾದರೆ ಅದಕ್ಕೆ ಒಗ್ಗುವ ಭಜಿ ಯಾವುದು? ಕಾಕಾ ಅವರು ಎರಡು ದಿನ ಏನನ್ನೂ ಹೇಳಲಿಲ್ಲ. ಮೂರನೆಯ ದಿನ ತಾವಾಗಿಯೇ ಬಂದು, “ನೀರು ಹಾಕದ ಭಜಿ ಮಾಡಿ ನೋಡೂನ್ರಿ, ಉಳ್ಳಾಗಡ್ಡಿಯದು” ಎಂದರು. ಅಂಗಡಿಗಳಲ್ಲಿ ಕಾಂದಾ ಭಜಿ ಎಂದು ಮಾರುವ, ಎಳೆಎಳೆಯಾಗಿ ಗರಿಗರಿಯಾಗಿರುವ ಭಜಿ ಅದು. ಅದಕ್ಕೆ ಉಳ್ಳಾಗಡ್ಡಿ ತಾನೇ ಬಿಡುವ ನೀರು ಸಾಕು. ಅವರು ಹಲವು ಸಲ ಮಾಡಿ ನೋಡಿ ನಿಶ್ಚಯಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇವೆ.

ನಾಲ್ಕು ಜನರಿಗೆ ಕಾಲು ಕಿಲೋ ಉಳ್ಳಾಗಡ್ಡಿ ಬೇಕು. ಅದನ್ನು ಉದ್ದುದ್ದವಾಗಿ, ಸಾಧ್ಯವಾದಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ, ಬೆರಳುಗಳಿಂದ ಎಸಳುಗಳನ್ನು ಬಿಡಿಸಿ ಹತ್ತು ನಿಮಿಷ ಬಿಡಬೇಕು. ರಕ್ತದೊತ್ತಡ ಉಳ್ಳವರಿದ್ದರೆ ಉಪ್ಪನ್ನು ಇನ್ನೂ ತಗ್ಗಿಸಿ, ಒಂದಿಷ್ಟು ನಿಂಬೆಯ ರಸವನ್ನು ಉಣ್ಣುವಾಗ ಹಿಂಡಿಕೊಂಡರೆ ಸಪ್ಪೆ ಎನಿಸುವುದಿಲ್ಲ. ಇಷ್ಟರಲ್ಲಿ 80ರಿಂದ 100 ಗ್ರಾಂ ಕಡಲೆಹಿಟ್ಟನ್ನು ಒಣ ಬಾಣಲೆಯಲ್ಲಿ, ಬಣ್ಣ ತಿರುಗದಂತೆ, ಹಸಿ ವಾಸನೆ ಹೋಗುವವರೆಗೆ ಬೆಚ್ಚಗೆ ಹುರಿದುಕೊಳ್ಳಬೇಕು. ಕಡಾಯಿಯ ಭಜಿಗೆ ಇದು ಬೇಕಾಗಿಲ್ಲ; ಗಾಳಿಯ ಭಜಿಗೆ ಬೇಕು, ಇಲ್ಲವಾದರೆ ಹಸಿಹಿಟ್ಟಿನ ರುಚಿ ನಾಲಿಗೆಯಲ್ಲಿ ಉಳಿಯುತ್ತದೆ. ಹಿಟ್ಟು ಆರಿದ ಮೇಲೆ ಅದರೊಡನೆ ಎರಡು ದೊಡ್ಡ ಚಮಚ ಅಕ್ಕಿಹಿಟ್ಟು, ಅರ್ಧ ಚಮಚ ಓಮ, ಅರಿಸಿನ, ಖಾರದ ಪುಡಿ, ಹೆಚ್ಚಿದ ಕೊತ್ತಂಬರಿ, ಕರಿಬೇವು, ಎರಡು ಚಹದ ಚಮಚ ಎಣ್ಣೆ ಇವಿಷ್ಟನ್ನು ಉಳ್ಳಾಗಡ್ಡಿಗೆ ಕಲಸಬೇಕು. ಅಕ್ಕಿಹಿಟ್ಟು ಗರಿಗರಿತನಕ್ಕೆ, ಎಣ್ಣೆಯು ಶಾಖವನ್ನು ಹಿಟ್ಟಿನ ಮೈಗೆ ಹಿಡಿಸುವುದಕ್ಕೆ. ಸೋಡಾದ ಅವಶ್ಯಕತೆಯಿಲ್ಲ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಕೈಬಿಟ್ಟರೆ ಹರಿಯಬಾರದು, ಇದೇ ಹದ. ತೀರ ಒಣಗಿತ್ತೆಂದರೆ ನೀರನ್ನು ಚಿಮುಕಿಸಬಹುದು, ಸುರಿಯಬಾರದು.

ಯಂತ್ರವನ್ನು 180 ಡಿಗ್ರಿಗಿಟ್ಟು ಐದು ನಿಮಿಷ ಬರಿದೇ ಕಾಯಿಸಿ, ಬುಟ್ಟಿಯ ತಳಕ್ಕೆ ಎಣ್ಣೆಯ ಕೈ ಸವರಿ, ಕಲಸಿದ್ದನ್ನು ನಿಂಬೆಹಣ್ಣಿನಷ್ಟು ತೆಗೆದು, ಉಂಡೆ ಕಟ್ಟದೆ, ಚದುರಿದಂತೆ ಚಪ್ಪಟೆಯಾಗಿ ಇಡಬೇಕು. ಒಂದಕ್ಕೊಂದು ತಗುಲಬಾರದು, ನಡುವೆ ಗಾಳಿ ಓಡಾಡದಿದ್ದರೆ ಭಜಿ ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ. ಎಂಟು ನಿಮಿಷಕ್ಕೆ ಒಮ್ಮೆ ತಿರುವಿ ಹಾಕಿ, ಇನ್ನೊಂದೆರಡು ಚಹದ ಚಮಚ ಎಣ್ಣೆಯನ್ನು ಎಲ್ಲದರ ಮೇಲೂ ಸವರಿ, ಮತ್ತೆ ಐದಾರು ನಿಮಿಷ ಇಡಬೇಕು. ಬಂಗಾರದ ಬಣ್ಣಕ್ಕೆ ನಿಲ್ಲಿಸಬೇಕು. ಕಪ್ಪಗಾಗುವವರೆಗೆ ಬಿಡುವುದು ರುಚಿಗೂ ಮೈಗೂ ಒಳ್ಳೆಯದಲ್ಲ. ಗಜ್ಜರಿ, ಕೋಸು, ಮೆಂತ್ಯದ ಸೊಪ್ಪು ಇವನ್ನೂ ಉಳ್ಳಾಗಡ್ಡಿಯೊಡನೆ ಸೇರಿಸಬಹುದು. ಆಲೂಗಡ್ಡೆ ಬದನೆಗಳ ಬಿಲ್ಲೆಗಳಾದರೆ ಅವಕ್ಕೆ ಮೊದಲು ಎಣ್ಣೆ ಸವರಿ, ಮಸಾಲೆ ಬೆರೆಸಿದ ಒಣಹಿಟ್ಟನ್ನು ಒತ್ತಿ ಅಂಟಿಸಿ ಇಟ್ಟರೆ ಹಿಟ್ಟು ಸೋರುವ ಭಯವಿಲ್ಲ.

ಈಗ ಲೆಕ್ಕವನ್ನು ನೋಡೋಣ. ಒಟ್ಟು ನಾಲ್ಕು ಚಹದ ಚಮಚ ಎಣ್ಣೆ, ನಾಲ್ಕು ಜನ, ತಲೆಗೊಂದು ಚಮಚ. ಎಣ್ಣೆಯ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿ ಇರುವುದರಿಂದ ಒಂದು ಚಮಚಕ್ಕೆ ಸುಮಾರು 40 ಕ್ಯಾಲೊರಿ. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಮನೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸಾಗದೆ ನಾವು ಮತ್ತೆ ಮತ್ತೆ ಕಾಯಿಸುತ್ತೇವೆ. ಹಾಗೆ ಕಾಯಿಸಿದಷ್ಟೂ ಅದು ಕೆಡುತ್ತದೆ. ಅಂಥ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅಡುಗೆಗೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವು 2018ರ ಜುಲೈನಿಂದ ಜಾರಿಯಲ್ಲಿದೆ. ಗಾಳಿಯ ಭಜಿಯಲ್ಲಿ ಉಳಿಯುವ ಎಣ್ಣೆಯೇ ಇಲ್ಲವಾದ್ದರಿಂದ ಈ ಚಿಂತೆಯೂ ಇಲ್ಲ. ಆದರೂ ಹಿಟ್ಟು ಹಿಟ್ಟೇ, ಉಪ್ಪು ಉಪ್ಪೇ. ಇದನ್ನು ಔಷಧವೆಂದು ಯಾರೂ ಭಾವಿಸಬಾರದು. ವೈದ್ಯರು ಈ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡು, ಅಪರೂಪಕ್ಕೊಮ್ಮೆ ನಾಲ್ಕಾರು ಭಜಿಗೆ ಅಡ್ಡಿಯಿಲ್ಲವೆಂದರು. ನಿಮ್ಮ ಮನೆಯ ಹಿರಿಯರ ವಿಷಯದಲ್ಲಿಯೂ ಅವರ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ವಿಹಿತ.

ಯಂತ್ರದ ಇತಿಮಿತಿಯನ್ನೂ ಹೇಳದಿದ್ದರೆ ವಾಚಕರಿಗೆ ಅನ್ಯಾಯವಾದೀತು. ಮಿರ್ಚಿ ಭಜಿ ಇದರಲ್ಲಿ ಆಗುವುದಿಲ್ಲ. ದಪ್ಪ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ತೆಗೆದು, ಗಿರ್ಮಿಟ್ಟಿನ ಪಕ್ಕಕ್ಕೆ ಇಡುವ ಆ ಭಜಿಗೆ ಕಡಾಯಿಯೇ ಗತಿ. ತೆಳುಹಿಟ್ಟಿನ ಬೋಂಡಾದಂಥದು ಬೇಕೆಂದರೆ ಯಂತ್ರಕ್ಕಿಂತ ನಮ್ಮ ಪಡ್ಡಿನ ಹಂಚು ಲೇಸು. ಗುಳಿಗೊಂದು ಹನಿ ಎಣ್ಣೆ ಬಿಟ್ಟು, ಹಿಟ್ಟು ಹೊಯ್ದು, ಮುಚ್ಚಿ, ತಿರುವಿ ಹಾಕಿದರಾಯಿತು. ಗುಳಿಯೇ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಪ ಎಣ್ಣೆಯಲ್ಲಿ ಗರಿಗರಿಯಾದುದನ್ನು ಮಾಡುವ ವಿದ್ಯೆ ಯಂತ್ರದೊಡನೆಯೇ ಈ ನಾಡಿಗೆ ಬಂದುದಲ್ಲವೆಂಬುದಕ್ಕೆ ಆ ಹಂಚೇ ಸಾಕ್ಷಿ. ಹದಿನಾರನೆಯ ಶತಮಾನದಲ್ಲಿಯೇ ಮೂರನೆಯ ಮಂಗರಸನು ಅಡುಗೆಯ ಮೇಲೆ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನು ಬರೆದ ಭಾಷೆ ನಮ್ಮದು, ಅಡುಗೆಯ ಹದವನ್ನು ಅರಿಯುವುದು ಇಲ್ಲಿ ಎಂದೂ ಹಗುರವಾದ ವಿಷಯವಾಗಿರಲಿಲ್ಲ. ಇನ್ನು, ಒಂದು ಬುಟ್ಟಿಗೆ ನಾಲ್ವರ ಭಜಿ ಹಿಡಿಯುವುದೇ ಕಷ್ಟವಾದ್ದರಿಂದ, ನೂರಾರು ಮಕ್ಕಳ ಪಂಕ್ತಿಗೆ ಈ ಯಂತ್ರವು ಸಾಲದು. ಆದುದರಿಂದ ಹಳೆಯ ವಿದ್ಯಾರ್ಥಿಗಳು ಗಾಬರಿಯಾಗಬೇಕಾಗಿಲ್ಲ. ಶ್ರಾವಣದಲ್ಲಿ ಮಠದ ಕಡಾಯಿ ಒಲೆಯ ಮೇಲೇರುತ್ತಲೇ ಇದೆ. ಕಾಕಾ ಅವರಿಂದ ಕಲಿತ ಇಬ್ಬರು ತರುಣರು ಅದರ ಮುಂದೆ ನಿಲ್ಲುತ್ತಾರೆ.

ಗಾಳಿಯ ಭಜಿಯೂ ಕಡಾಯಿಯ ಭಜಿಯೂ ಒಂದೇ ಎಂದು ನಾವು ಹೇಳುವುದಿಲ್ಲ. ಮೊದಲ ಸಲ ತಿಂದಾಗ ಕಾಕಾ ಅವರು, “ಇದು ಭಜಿಯ ತಮ್ಮ ರೀ ಅಪ್ಪಾರ, ಅಣ್ಣ ಬ್ಯಾರೇನ” ಎಂದರು. ಹಾಗೆಂದು ಹೇಳಿ ಇನ್ನೊಂದನ್ನು ಕೈಗೆತ್ತಿಕೊಂಡರು. ಈಗ ಭಜಿಯ ದಿನ ಅವರು ಗೋಶಾಲೆಯ ಕಡೆಗೆ ಹೋಗುವುದಿಲ್ಲ. ಕಡಾಯಿಯ ಎದುರಿಗೆ ಕುಳಿತು ತರುಣರಿಗೆ ಎಣ್ಣೆಯ ಕಾವನ್ನು ಹೇಳಿಕೊಡುತ್ತಾರೆ. ತಮ್ಮ ಪಾಲಿನ ಐದಾರು ಭಜಿಗಳನ್ನು ತಾವೇ ಕಲಸಿ ಯಂತ್ರಕ್ಕಿಡುತ್ತಾರೆ. ಎಲ್ಲರಿಗೂ ಬಡಿಸುವ ಹೊತ್ತಿಗೆ ಅವರದೂ ಸಿದ್ಧವಾಗಿರುತ್ತದೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಅಟ್ಟದ ಮೇಲಿರುವ ಆ ಪೆಟ್ಟಿಗೆಯನ್ನು ಈ ಮಳೆಗಾಲದಲ್ಲಿ ಕೆಳಗಿಳಿಸಿರಿ. ಯಂತ್ರವಿಲ್ಲದ ಮನೆಯಲ್ಲಿ ಪಡ್ಡಿನ ಹಂಚಾದರೂ ಇದ್ದೀತು. ಪಥ್ಯದಲ್ಲಿರುವ ಹಿರಿಯರಿಗೆ ಪ್ರತ್ಯೇಕ ತಾಟಿನಲ್ಲಿ ಪ್ರತ್ಯೇಕ ಹೊತ್ತಿಗೆ ಏನನ್ನೋ ಕೊಟ್ಟು ಮುಗಿಸದೆ, ಎಲ್ಲರ ಜೊತೆಗೆ, ಅದೇ ಹೊತ್ತಿಗೆ, ಬಿಸಿಬಿಸಿಯಾಗಿ ಅವರಿಗೂ ಬಡಿಸಿರಿ. ಹಿಟ್ಟಿನ ಹದ ಮೊದಲ ಸಲವೇ ಕೂಡಿ ಬರದಿದ್ದರೆ ಅವರನ್ನೇ ಕೇಳಿರಿ. ಅವರ ಕೈ ಅದನ್ನು ಬಲ್ಲದು.