ಮೇಜಿನ ಮೇಲಿನ ತ್ರೀ ನಾಟ್ ತ್ರೀ

ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಊರು. ಏಪ್ರಿಲ್ ತಿಂಗಳ ಶನಿವಾರ, ಬೆಳಗಿನ ಹೊತ್ತು. ಬಾಗಿಲು ದಾಟಿದರೆ ಒಂದೇ ಸೂರಿನಡಿ ನಾಲ್ಕು ಸಾವಿರ ಮೇಜುಗಳ ಬಂದೂಕಿನ ಜಾತ್ರೆ. ಎಣ್ಣೆ, ಹಳೇ ಚರ್ಮ, ಹುರಿದ ಜೋಳ ಎಲ್ಲದರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಹೊಸ ಮಾಲಿನ ಸಾಲುಗಳನ್ನು ದಾಟಿ ಹಿಂದಿನ ಮೂಲೆಗೆ ಬನ್ನಿ. ಹಸಿರು ಕಂಬಳಿ ಹಾಸಿದ ಮೇಜು, ಅದರ ಹಿಂದೆ ಎಂಬತ್ತರ ಆಸುಪಾಸಿನ ಅಜ್ಜ, ಮುಂದೆ ಎರಡು ರೈಫಲ್. ಎರಡೂ ಗಿಡ್ಡ ಮೂತಿಯ ಲೀ-ಎನ್‌ಫೀಲ್ಡ್. ನಮ್ಮ ಪೊಲೀಸರ ಹೆಗಲ ಮೇಲೆ, ಎನ್‌ಸಿಸಿ ಪೆರೇಡಿನಲ್ಲಿ ಕಂಡ ಅದೇ ತ್ರೀ ನಾಟ್ ತ್ರೀ.

ಒಂದು ಫಳಫಳ ಹೊಳೆಯುತ್ತಿದೆ. ಚೀಟಿಯಲ್ಲಿ 1,200 ಡಾಲರ್. ಇನ್ನೊಂದು ಮಂಕಾಗಿ ಕಪ್ಪಗಿದೆ, 450. ಕೈ ತಾನಾಗಿ ಹೊಳೆಯುವುದರ ಕಡೆ ಹೋಗುತ್ತದೆ. ತಡೆಯಿರಿ, ಮೊದಲು ಕಪ್ಪಗಿನದು.

ಕೇಳದೆ ಮುಟ್ಟುವುದು ಇಲ್ಲಿ ಮರ್ಯಾದೆಯಲ್ಲ. ಕೇಳಿದರೆ ಅಜ್ಜ ಬೋಲ್ಟಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ, ಒಳಗೆ ಗುಂಡಿಲ್ಲವೆಂದು ತೋರಿಸಿ ಕೊಡುತ್ತಾರೆ. ನೀವೂ ಒಮ್ಮೆ ಬೆರಳು ಹಾಕಿ ನೋಡಿಕೊಳ್ಳಿ. ಹತ್ತಿರ ಹತ್ತಿರ ನಾಲ್ಕು ಕಿಲೋ ತೂಕ ತೋಳಿಗೆ ಇಳಿಯುತ್ತದೆ.

ಮುಂದಿನ ಮರ ಮುಗಿದು ಹಿಂದಿನ ಮರ ಶುರುವಾಗುವ ಜಾಗದಲ್ಲಿ ಒಂದು ಉಕ್ಕಿನ ಕೊರಳಿದೆ. ರೈಫಲ್‌ನ ಜಾತಕ ಇರುವುದು ಅದರ ಬಲಗಡೆ. ಭೂತಗನ್ನಡಿ ಹಿಡಿಯಿರಿ. ಕಿರೀಟ, ಅದರಡಿ ಜಿ.ಆರ್.ಐ. ಎಂಬ ರಾಜನ ಅಂಕಿತ, ಅದರಡಿ ಇಷಾಪುರ, 1942. ಕೋಲ್ಕತ್ತಾದಿಂದ ಸ್ವಲ್ಪವೇ ದೂರದಲ್ಲಿ, ಹೂಗ್ಲಿ ದಂಡೆಯ ಕಾರ್ಖಾನೆಯಲ್ಲಿ ಹುಟ್ಟಿದ ಬಂದೂಕಿದು. ಅಕ್ಷರಗಳ ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬಿದೆ. ಅಚ್ಚಿಟ್ಟು ಬಡಿದಾಗ ಉಕ್ಕು ಪಕ್ಕಕ್ಕೆ ಸರಿದ ಗುರುತು ಅದು.

ಈಗ ನಂಬರು. ಬೋಲ್ಟ್ ಹಿಡಿಕೆಯ ಹಿಂದೆ ಒಂದು, ನಳಿಗೆಯ ಬುಡದಲ್ಲಿ ಒಂದು, ಗುರಿಪಟ್ಟಿಯನ್ನು ಎತ್ತಿದರೆ ಅಡಿಯಲ್ಲೊಂದು, ಮೂತಿಯ ಲೋಹದ ಟೊಪ್ಪಿಗೆಯ ಮೇಲೊಂದು. ನಾಲ್ಕೂ ಒಂದೇ ಆಗಿರಬೇಕು. ಹಳೆಯ ನಂಬರು ಉಜ್ಜಿ ಹೊಸದು ಹೊಡೆದಿದ್ದರೆ ಆ ಜಾಗ ತಗ್ಗಾಗಿರುತ್ತದೆ. ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟಿನ ನಂಬರು ತಾಳೆಯಾಗದಿದ್ದರೆ ಬೆಲೆ ಇಳಿಯುವುದಷ್ಟೇ ಅಲ್ಲ, ತೋಟಾ ಸಡಿಲವಾಗಿ ಕೂತು ಅಪಾಯವೂ ಆಗಬಹುದು. ಗೇಜು ಹಾಕಿ ಅಳೆಯದೆ ಅಂಥದ್ದನ್ನು ಹಾರಿಸಬಾರದು. ಇಲ್ಲಿ ನಾಲ್ಕೂ ತಾಳೆಯಾಗಿವೆ.

ಮುಂದಿನ ಮರದಲ್ಲಿ ಅಡ್ಡಲಾಗಿ ಹಾಯ್ದ ಒಂದು ಸ್ಕ್ರೂ ಕಾಣುತ್ತದೆ. ಇದನ್ನು ಊನವೆಂದು ತೋರಿಸಿ ಚೌಕಾಸಿ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮರ ಸೀಳದಿರಲೆಂದು ಭಾರತದಲ್ಲಿ ಹಾಕಿದ ಸ್ಕ್ರೂ ಅದು. ಸಂಗ್ರಾಹಕರು ಅದಕ್ಕೆ ಇಷಾಪುರದ ಹೆಸರನ್ನೇ ಇಟ್ಟಿದ್ದಾರೆ. ಸೈನ್ಯ ಮಾಡಿದ ರಿಪೇರಿ ರೈಫಲ್‌ನ ಬಾಳಿನ ಭಾಗ. ವ್ಯಾಪಾರಿ ಮಾಡಿದ ರಿಪೇರಿ ಆ ಬಾಳನ್ನು ಒರೆಸಿಹಾಕುತ್ತದೆ. ಹಿಂದಿನ ಮರದ ತುದಿಯ ಹಿತ್ತಾಳೆ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿ. ಮರ, ಲೋಹ ಒಂದೇ ಮಟ್ಟಕ್ಕಿವೆ. ಮರಳು ಕಾಗದದಿಂದ ತೀಡಿದ್ದರೆ ಮರ ಒಳಗೆ ಸರಿದು ಲೋಹ ಮೇಲೆ ನಿಲ್ಲುತ್ತಿತ್ತು. ಮರದ ಮೇಲಿನ ಮುದ್ರೆಗಳೂ ಮಾಸುತ್ತಿದ್ದವು. ಒಮ್ಮೆ ತೀಡಿದ ಮರವನ್ನು ಯಾರೂ ತಿರುಗಿ ತರಲಾರರು.

ಬೋಲ್ಟ್ ಕಳಚಿ, ಹಿಂದಿನಿಂದ ಬೆಳಕು ಬಿಟ್ಟು, ಮೂತಿಯಲ್ಲಿ ಕಣ್ಣಿಡಿ. ಒಳಗೆ ಐದು ಸುರುಳಿ ಗೀರುಗಳು. ಅಲ್ಲಲ್ಲಿ ಸಣ್ಣ ಕುಳಿ. ಹಳೆಯ ತೋಟಾಗಳ ಉಪ್ಪು ನಳಿಗೆಯನ್ನು ತಿನ್ನುತ್ತಿತ್ತು. ಅದಕ್ಕೇ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ಕುದಿಯುವ ನೀರು ಸುರಿದು ತೊಳೆಯುತ್ತಿದ್ದರು. ಗೀರಿನ ಅಂಚು ಇನ್ನೂ ಚೂಪಾಗಿದೆ. 450 ಹೆಚ್ಚಲ್ಲ.

ಈಗ ಹೊಳೆಯುವುದನ್ನು ಎತ್ತಿ.

"ಮೊಮ್ಮಗ ಅಫ್ಘಾನಿಸ್ತಾನದಿಂದ ತಂದದ್ದು. ಡ್ಯೂಟಿ ಮುಗಿಸಿ ಬರುವಾಗ ಅಲ್ಲಿಯ ಸಂತೆಯಲ್ಲಿ ಕೊಂಡನಂತೆ" ಎನ್ನುತ್ತಾರೆ ಅಜ್ಜ. ದನಿಯಲ್ಲಿ ಹೆಮ್ಮೆ.

ಅದೇ ಉಕ್ಕಿನ ಕೊರಳು, ಅದೇ ಕಿರೀಟ. ಆದರೆ ಅದರಡಿ ವಿ.ಆರ್., ವಿಕ್ಟೋರಿಯಾ ರಾಣಿಯ ಅಂಕಿತ. ಇಸವಿ 1896. ಈ ಗಿಡ್ಡ ಮಾದರಿ ಕಾರ್ಖಾನೆಯಿಂದ ಹೊರಬಿದ್ದದ್ದು 1903ರ ಸುಮಾರಿಗೆ. ರಾಣಿ ತೀರಿಕೊಂಡದ್ದು 1901ರಲ್ಲಿ. ಅವಳ ಕಾಲದಲ್ಲಿ ಇದು ಹುಟ್ಟೇ ಇರಲಿಲ್ಲ. ಕನ್ನಡಿಯನ್ನು ಇನ್ನಷ್ಟು ಹತ್ತಿರ ತನ್ನಿ. ಎನ್‌ಫೀಲ್ಡ್ ಎಂಬ ಹೆಸರಿನ ಎನ್ ಅಕ್ಷರ ತಿರುವುಮುರುವಾಗಿದೆ. ಅಂಚಿನಲ್ಲಿ ಉಬ್ಬಿಲ್ಲ, ಒಂದೊಂದು ಗೆರೆಯನ್ನೂ ಉಳಿಯಿಂದ ಕೊರೆದಿದ್ದಾರೆ. ಇಂಗ್ಲಿಷ್ ಓದಲು ಬಾರದ, ಆದರೆ ಕೈಕೆಲಸ ಬಲ್ಲ ಕಮ್ಮಾರನೊಬ್ಬ ಮಾದರಿ ಎದುರಿಗಿಟ್ಟುಕೊಂಡು ಕೊರೆದ ಅಕ್ಷರಗಳಿವು. ಪೆಶಾವರದ ದಕ್ಷಿಣಕ್ಕಿರುವ ದರ್ರಾ ಆದಮ್ ಖೇಲ್‌ನಂಥ ಊರುಗಳಲ್ಲಿ ತಲೆಮಾರುಗಳಿಂದ ಹೀಗೆ ಬಂದೂಕು ಮಾಡುತ್ತಾರೆ. ಸಿಕ್ಕ ಉಕ್ಕೇ ಉಕ್ಕು, ರೈಲು ಹಳಿಯಾದರೂ ಸರಿ. ಅಮೆರಿಕದ ಸೈನಿಕರು 1898ರವರೆಗಿನ ಬಂದೂಕನ್ನಷ್ಟೇ ಊರಿಗೆ ಒಯ್ಯಬಹುದಿತ್ತು. 1896 ಎಂಬ ಇಸವಿ ಇಲ್ಲಿ ಏಕೆ ಬಂತೆಂದು ಊಹಿಸುವುದು ಕಷ್ಟವಲ್ಲ.

ಆ ಕೈಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಉಕ್ಕನ್ನು ನಂಬಲಾರೆ. ತೋಟಾ ಸಿಡಿಯುವುದು ಹಾರಿಸುವವನ ಕೆನ್ನೆಯ ಪಕ್ಕದಲ್ಲೇ.

"ಸರ್, ಇದರಲ್ಲಿ ಯಾರಾದರೂ ಗುಂಡು ಹಾರಿಸಿದ್ದಾರಾ?"

"ಇನ್ನೂ ಇಲ್ಲ."

ಕನ್ನಡಿಯನ್ನು ಅವರ ಕೈಗೆ ಕೊಡಿ. ಮೊದಲು ಇಷಾಪುರದ ಕೊರಳು, ಆಮೇಲೆ ಇದು. ಎರಡನ್ನೂ ಅಕ್ಕಪಕ್ಕ ಇಟ್ಟು, ತಿರುಗಿದ ಎನ್ ಮೇಲೆ ಬೆರಳಿಡಿ. ಅಜ್ಜ ಬಹಳ ಹೊತ್ತು ಬಗ್ಗಿ ನೋಡುತ್ತಾರೆ. ಏನೂ ಮಾತಿಲ್ಲ. ಆಮೇಲೆ 1,200ರ ಚೀಟಿ ಬಿಚ್ಚಿ, ಅದರ ಬೆನ್ನಿಗೆ ದಪ್ಪ ಅಕ್ಷರಗಳಲ್ಲಿ "ಗುಂಡು ಹಾಕಬೇಡಿ" ಎಂದು ಬರೆದು, ಟ್ರಿಗರಿನ ಬಳೆಗೆ ಎರಡು ಗಂಟು ಹಾಕಿ ಕಟ್ಟುತ್ತಾರೆ.